ಸ್ಕೈಹುಕ್ ಹುಚ್ಚು ಹಿಡಿದ ಮಕ್ಕಳಿಗೆ ಎಲ್ಲಿಂದ ಶುರು ಮಾಡಿಸೋದು?

ಮಿನಿಬಾಸ್ಕೆಟ್ (ಚರ್ಚೆ ಆರಂಭ)

ಬಾಸ್ಕೆಟ್‌ಬಾಲ್ ಕಲಿಯೋಕೆ ಬರೋ ಹತ್ತರಿಂದ ಹದಿಮೂರು ವಯಸ್ಸಿನ ಮಕ್ಕಳಲ್ಲಿ ಬಹುಪಾಲಿಗೆ ಸ್ಟೆಫ್ ಕರಿಯೇ ದೇವರು. ಆದರೆ ಒಂದು ಸಣ್ಣ ಗುಂಪು ಯೂಟ್ಯೂಬಿನಲ್ಲಿ ಹಳೇ ಕ್ಲಿಪ್ ನೋಡಿ ಕರೀಮ್ ಅಬ್ದುಲ್-ಜಬ್ಬಾರ್ ಭಕ್ತರಾಗಿದೆ. ಅವರಿಗೆ ಬೇಕಾಗಿರೋದು ಕರೀಮ್‌ರ ಸ್ಕೈಹುಕ್, ಅಂದ್ರೆ ರಿಂಗ್‌ಗೆ ಭುಜ ಕೊಟ್ಟು ಒಂದೇ ಕೈಯಲ್ಲಿ ತಲೆ ಮೇಲಿಂದ ಹಾಕೋ ಹುಕ್ ಶಾಟ್. ಎನ್‌ಬಿಎಯಲ್ಲಿ (ಅಮೆರಿಕದ ವೃತ್ತಿಪರ ಲೀಗ್) 38,387 ಪಾಯಿಂಟ್‌ಗಳ ಕರೀಮ್ ದಾಖಲೆಯನ್ನು 2023ರ ಫೆಬ್ರವರಿ 7ರಂದು ಲೆಬ್ರಾನ್ ಜೇಮ್ಸ್ ಮುರಿದ ಮೇಲೆ ಆ ಕ್ಲಿಪ್‌ಗಳೆಲ್ಲ ಮತ್ತೆ ಓಡಾಡಿದವಲ್ಲ, ಅಲ್ಲಿಂದ ಹಿಡಿದ ಹುಚ್ಚು ಅಂತ ಕಾಣುತ್ತೆ. ಕೋರ್ಟಿಗೆ ಬಂದ ಕೂಡಲೇ ಒಂದೇ ಕೈಯಲ್ಲಿ ಬಾಲ್ ಬೀಸಿ ಎಸೆಯೋದು, ಅದು ಬೋರ್ಡಿನ ಹಿಂದಕ್ಕೆ ಹೋಗಿ ಬೀಳೋದು.

ಈ ಆಸೆ ಕೆಡಿಸದೆ ಸರಿಯಾಗಿ ಕಲಿಸೋ ದಾರಿ ಯಾವುದು? ರಿಂಗ್ ಎತ್ತರ, ಬಾಲ್ ಸೈಜ್, ಯಾವ ಡ್ರಿಲ್ ಮೊದಲು, ಕುಳ್ಳಗಿರೋ ಮಗುವಿಗೂ ಇದು ಉಪಯೋಗಕ್ಕೆ ಬರುತ್ತಾ, ಇಷ್ಟು ತಿಳಿಯಬೇಕು. ಅನುಭವ ಕಥನ ಬೇಡ, ಕೆಲಸಕ್ಕೆ ಬರೋ ವಿವರ ಬರೆಯಿರಿ.

---

ಎಡಬ್ಲಾಕ್

ಮೊದಲ ತೊಂದರೆ ಅಂದ್ರೆ ಮಕ್ಕಳು ಕ್ಲಿಪ್‌ನಲ್ಲಿ ಕೈ ಮಾತ್ರ ನೋಡಿರ್ತಾರೆ. ಕರೀಮ್ 7 ಅಡಿ 2 ಇಂಚು, ಆ ಕೈ ಮೇಲೆ ಹೋಗೋದೇ ಒಂದು ನೋಟ, ಕಣ್ಣು ಅಲ್ಲೇ ನಿಲ್ಲುತ್ತೆ. ಆದರೆ ಶಾಟ್ ಕೆಲಸ ಮಾಡಿದ್ದು ಕಾಲಿನಿಂದ, ಎಡಭುಜದಿಂದ. ಡಿಫೆಂಡರ್‌ಗೂ ಬಾಲ್‌ಗೂ ನಡುವೆ ಇಡೀ ಮೈ ಅಡ್ಡ ನಿಲ್ಲುತ್ತೆ, ಅಷ್ಟೇ ಅದರ ಗುಟ್ಟು. ಎತ್ತರ ಇದ್ದರೆ ಇನ್ನೂ ಒಳ್ಳೇದು, ಇಲ್ಲದಿದ್ದರೂ ಮೈಯ ಅಗಲ ಇದ್ದೇ ಇರುತ್ತಲ್ಲ.

ಬಲಗೈ ಮಗುವಿಗೆ ಕ್ರಮ ಹೀಗೆ:

ಎಡ ಬ್ಲಾಕ್‌ನಲ್ಲಿ (ಪೇಂಟ್‌ನ ಪಕ್ಕದ ಗೆರೆ ಮೇಲೆ ರಿಂಗ್ ಹತ್ತಿರ ಇರೋ ಗುರುತು), ಪೇಂಟ್ (ರಿಂಗ್ ಮುಂದೆ ಗೆರೆ ಹಾಕಿದ ಜಾಗ) ಹೊರಗೆ, ರಿಂಗ್‌ಗೆ ಬೆನ್ನು ಕೊಟ್ಟು ನಿಲ್ಲೋದು. ಕಾಲು ಭುಜಕ್ಕಿಂತ ಸ್ವಲ್ಪ ಅಗಲ, ಮಂಡಿ ಬಗ್ಗಿರಬೇಕು. ಪಾಸ್ ಬಂದಾಗ ಎರಡೂ ಪಾದ ಒಟ್ಟಿಗೆ ನೆಲಕ್ಕೆ ತಾಗಬೇಕು. ಹಾಗೆ ನಿಂತರೆ ಯಾವ ಕಾಲನ್ನಾದರೂ ಪಿವಟ್ (ನೆಲಕ್ಕೆ ಊರಿ ತಿರುಗೋ ಕಾಲು) ಮಾಡಿಕೊಳ್ಳಬಹುದು. ಬಾಲ್ ಗಲ್ಲದ ಕೆಳಗೆ, ಮೊಣಕೈ ಎರಡೂ ಹೊರಗೆ.

ಬಲಭುಜದ ಮೇಲಿಂದ ಬೇಸ್‌ಲೈನ್ (ರಿಂಗ್ ಹಿಂದಿನ ಕೊನೇ ಗೆರೆ) ಕಡೆ ಒಂದು ನೋಟ. ಇದು ಫೇಕ್, ಡಿಫೆಂಡರ್‌ನ ಏಮಾರಿಸೋಕೆ. ತಲೆ, ಭುಜ ಆಡಿದರೆ ಸಾಕು, ಬಾಲ್ ಒಂದು ಗೇಣು ಆಡಿದರೂ ಜಾಸ್ತಿಯೇ.

ಆಮೇಲೆ ಎಡಗಾಲು ಪೇಂಟ್ ಒಳಗೆ. ಇಡೀ ಶಾಟ್‌ನಲ್ಲಿ ಮುಖ್ಯ ಅಂದ್ರೆ ಈ ಒಂದು ಹೆಜ್ಜೆ. ಎಡಗಾಲಿನ ಹೆಬ್ಬೆರಳು ರಿಂಗ್ ಕಡೆ ತೋರಿಸಬಾರದು, ಎದುರು ಅರ್ಧಕೋರ್ಟ್ ಕಡೆ ತೋರಿಸಬೇಕು. ಆಗ ಎಡಭುಜ ತಾನಾಗೇ ರಿಂಗ್‌ಗೆ ಗುರಿಯಾಗುತ್ತೆ, ಡಿಫೆಂಡರ್ ಬೆನ್ನು-ಭುಜದ ಆಚೆ ಉಳೀತಾನೆ. ಹೆಬ್ಬೆರಳು ರಿಂಗ್ ಕಡೆ ತಿರುಗಿದರೆ ಎದೆ ತೆರೆದುಕೊಳ್ತು, ಬಾಲ್ ಎದುರಿಗೆ ಬಂತು, ಡಿಫೆಂಡರ್ ಕೈ ಅದನ್ನ ತಡೀತು.

ಬಲಮಂಡಿ ಸೊಂಟದ ಮಟ್ಟಕ್ಕೆ ಏಳಬೇಕು, ಎಡಗಾಲಿಂದ ನೆಟ್ಟಗೆ ಮೇಲೆ ಜಿಗಿಯಬೇಕು. ಬಾಲ್ ಎರಡೂ ಕೈಯಲ್ಲಿ ಗಲ್ಲದಿಂದ ಬಲಕಿವಿಯ ಪಕ್ಕಕ್ಕೆ ಬರುತ್ತೆ, ಅಲ್ಲಿ ಎಡಗೈ ಬಿಡುತ್ತೆ. ಬಲಗೈ ಕಿವಿ ಸವರಿಕೊಂಡು ಮೇಲಕ್ಕೆ, ಕಣ್ಣು ಎಡಭುಜದ ಮೇಲಿಂದ ರಿಂಗ್ ಮೇಲೆ. ಕೊನೆಗೆ ಮಣಿಕಟ್ಟು ಮಡಚಿ ಬಿಡೋದು, ಬೆರಳು ರಿಂಗ್ ಕಡೆ ತೋರಿಸ್ತಾ ಅಲ್ಲೇ ನಿಲ್ಲಬೇಕು. ಕೆಳಗೆ ಇಳಿಯುವಾಗ ಎರಡೂ ಕಾಲು, ಮುಖ ರಿಂಗ್ ಕಡೆ, ರಿಬೌಂಡ್‌ಗೆ ತಯಾರು.

ಮೊದಲ ಹದಿನೈದು ದಿನ ಬಾಲ್ ಕೊಡದೇ ಕಾಲು ಮಾತ್ರ ಮಾಡಿಸಿ. ಮಕ್ಕಳಿಗೆ ಬೇಜಾರಾಗುತ್ತೆ, ಗೊತ್ತು.

---

ಹೊಸಬ_22

ಎಡ ಬ್ಲಾಕ್ ಅಂದ್ರೆ ಯಾರ ಎಡ ಸರ್? ರಿಂಗ್‌ಗೆ ಬೆನ್ನು ಹಾಕಿ ನಿಂತವನ ಎಡವೋ, ರಿಂಗ್ ನೋಡ್ತಾ ನಿಂತವನ ಎಡವೋ?

---

ಎಡಬ್ಲಾಕ್

ರಿಂಗ್ ನೋಡ್ತಾ ನಿಂತವನ ಎಡ. ಅಲ್ಲಿ ಬೆನ್ನು ಕೊಟ್ಟು ನಿಂತರೆ ಬಲಗೈ ಕಡೆ ಬೇಸ್‌ಲೈನ್ ಇರುತ್ತೆ, ಎಡಗೈ ಕಡೆ ಫ್ರೀಥ್ರೋ ಗೆರೆ. ಎಡಕ್ಕೆ ತಿರುಗಿ ಕೋರ್ಟಿನ ನಡುವಿಗೆ ಹೋಗೋದು. ಅದೇ ಮಗು ಬಲ ಬ್ಲಾಕ್‌ನಲ್ಲಿ ನಿಂತು ಬಲಗೈ ಹುಕ್ ಹಾಕಿದರೆ ಬೇಸ್‌ಲೈನ್ ಕಡೆಗೆ ಹೋಗಬೇಕಾಗುತ್ತೆ, ಜಾಗ ಇಕ್ಕಟ್ಟು, ಬೋರ್ಡ್‌ನ ಅಂಚು ಬೇರೆ ಅಡ್ಡ. ಕಲಿಯುವಾಗ ಬೇಡ.

---

ಕೋನಮಾಪಕ

ಕೈ ವಿಷಯದಲ್ಲಿ ಒಂದು ಲೆಕ್ಕ ಸೇರಿಸ್ತೀನಿ, ಯಾಕೆಂದರೆ ನಮ್ಮ ಮಕ್ಕಳಿಗೆ ಒಂದು ವಿಶೇಷ ತೊಂದರೆ ಇದೆ: ಎಲ್ಲರೂ ಮೊದಲು ಬೌಲರ್‌ಗಳು! ಬಾಸ್ಕೆಟ್‌ಬಾಲ್ ಮುಟ್ಟೋ ಮೊದಲೇ ಗಲ್ಲಿ ಕ್ರಿಕೆಟ್‌ನಲ್ಲಿ ತೋಳು ತಿರುಗಿಸಿ ಅಭ್ಯಾಸ. ಬೌಲಿಂಗ್‌ನಲ್ಲೂ ಎಡಭುಜ ಬ್ಯಾಟ್ಸ್‌ಮನ್ ಕಡೆ, ಬಲಗೈ ತಲೆ ಮೇಲಿಂದ ಬರುತ್ತೆ. ನೋಡೋಕೆ ಹುಕ್ ಥರಾನೇ. ಅದಕ್ಕೇ ಮೋಸ ಹೋಗ್ತಾರೆ.

ತೋಳು ಚಕ್ರದ ಕಡ್ಡಿ ಥರ ತಿರುಗಿದರೆ, ಅದು ಪೂರ್ತಿ ನೆಟ್ಟಗಿರೋ ಕ್ಷಣದಲ್ಲಿ ಕೈಬಿಟ್ಟ ಬಾಲ್ ಅಡ್ಡಕ್ಕೆ ಹೋಗುತ್ತೆ, ಮೇಲಕ್ಕಲ್ಲ. ಇನ್ನೊಂದು ಚೂರು ತಡವಾದರೆ ಕೆಳಕ್ಕೆ. ಬೌಲರ್‌ಗೆ ಬೇಕಾದ್ದೂ ಅದೇ. ಹುಕ್‌ನಲ್ಲಿ ಬಾಲ್ 50 ಡಿಗ್ರಿಗಿಂತ ಮೇಲ್ಮುಖವಾಗಿ ಹೊರಡಬೇಕು. ಚಕ್ರದ ಲೆಕ್ಕದಲ್ಲಿ ಅದಕ್ಕೆ ತೋಳು ನೆಟ್ಟಗಾಗೋಕೆ 50 ಡಿಗ್ರಿ ಮೊದಲೇ ಬಿಡಬೇಕು. ಅಂದ್ರೆ ಬಾಲ್ ಇನ್ನೂ ತಲೆಯ ಪಕ್ಕದಲ್ಲೇ ಇರುವಾಗ. ಎತ್ತರದ ಲಾಭವೆಲ್ಲ ಅಲ್ಲೇ ಹೋಯ್ತು.

ಹಾಗಾಗಿ ಹುಕ್ ಅನ್ನೋದು ಬೀಸೋ ಶಾಟ್ ಅಲ್ಲ, ಎತ್ತೋ ಶಾಟ್. ಮಡಚಿದ ಮೊಣಕೈ ಮೇಲಕ್ಕೆ ಬಿಚ್ಚಿಕೊಳ್ಳಬೇಕು, ಅದರ ಜೊತೆ ಬಲಮಂಡಿ ಏಳಬೇಕು, ಕೊನೇ ತಿರುವು ಮಣಿಕಟ್ಟಿನದು. ಕರೀಮ್ ಕ್ಲಿಪ್ ನಿಧಾನಕ್ಕೆ ಹಾಕಿ ನೋಡಿ, ತೋಳು ಮೇಲೆ ಹೋಗಿ ನಿಲ್ಲುತ್ತೆ, ಮೈ ಮುಂದೆ ಬೀಸಿಕೊಂಡು ಬರಲ್ಲ.

ಇನ್ನು ರಿಂಗ್ ಎತ್ತರ. ಮಿನಿ ಬಾಸ್ಕೆಟ್‌ಬಾಲ್‌ಗೆ ಫಿಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ಹೇಳೋದು 2.60 ಮೀಟರ್, ದೊಡ್ಡವರ ರಿಂಗ್ 3.05. ಮಗು 2 ಮೀಟರ್ ಎತ್ತರದಲ್ಲಿ ಬಾಲ್ ಬಿಡುತ್ತೆ, ರಿಂಗ್ ಎರಡೂವರೆ ಮೀಟರ್ ದೂರ ಅಂತ ಇಟ್ಟುಕೊಳ್ಳಿ. ಅತಿ ಕಡಿಮೆ ಬಲದಲ್ಲಿ ರಿಂಗ್ ಮುಟ್ಟಬೇಕಾದರೆ:

2.60ಕ್ಕೆ ವೇಗ ಸೆಕೆಂಡಿಗೆ 5.6 ಮೀಟರ್, ಬಾಲ್ ರಿಂಗ್‌ಗೆ ಇಳಿಯೋ ಕೋನ 38 ಡಿಗ್ರಿ.
3.05ಕ್ಕೆ ವೇಗ 6.1 ಮೀಟರ್, ಇಳಿಯೋ ಕೋನ ಸುಮಾರು 34 ಡಿಗ್ರಿ.

ರಿಂಗ್‌ನ ಒಳ ಅಗಲ 45 ಸೆಂ.ಮೀ., 7ನೇ ಸೈಜ್ ಬಾಲ್ ಸುಮಾರು 24 ಸೆಂ.ಮೀ. 32 ಡಿಗ್ರಿಗಿಂತ ಚಪ್ಪಟೆಯಾಗಿ ಬಂದರೆ ಬಾಲ್‌ಗೆ ರಿಂಗ್ ಮುಟ್ಟದೆ ಒಳಗೆ ಹೋಗೋಕೆ ಜಾಗವೇ ಇಲ್ಲ. 34 ಅಂದ್ರೆ ಆ ಅಂಚಿನಲ್ಲೇ. ಹಾಗಾಗಿ 3.05ಕ್ಕೆ ಕಡಿಮೆ ಬಲ ಸಾಲಲ್ಲ, ಇನ್ನೂ ಜೋರಾಗಿ ಎತ್ತಬೇಕು. ಮಗುವಿನ ಒಂದು ಕೈಗೆ ಅದು ಆಗಲ್ಲ, ಆಗ ಮತ್ತೆ ಬೌಲಿಂಗ್ ಶುರು. ಮಗುವಿನ ತಪ್ಪಲ್ಲ, ರಿಂಗ್ ತಪ್ಪು.

ಬಾಲ್ ತೂಕವನ್ನೂ ಸೇರಿಸಿ. 5ನೇ ಸೈಜ್ ಸುಮಾರು 480 ಗ್ರಾಂ, 7ನೇ ಸೈಜ್ 600ರ ಆಸುಪಾಸು. ದೊಡ್ಡ ರಿಂಗ್, ದೊಡ್ಡ ಬಾಲ್ ಎರಡೂ ಕೊಟ್ಟರೆ ಕೈಬಿಡೋ ಹೊತ್ತಿಗೆ ಬೇಕಾಗೋ ಶಕ್ತಿ ಹತ್ತಿರ ಹತ್ತಿರ ಒಂದೂವರೆ ಪಟ್ಟು.

---

ಗೋಲಗುಂಬಜ

ಅಲ್ರೀ ಕೋನಮಾಪಕರ, ಲೆಕ್ಕ ಛಲೋ ಅದ. ಆದ್ರ ನಮ್ಮ ಸಾಲಿಗೋಳಾಗ 2.60ರ ರಿಂಗ್ ಎಲ್ಲೈತಿ? ಕಾಂಕ್ರೀಟಿನಾಗ ಹುಗಿದ ಕಂಬ, 3.05 ಅಂದ್ರ 3.05. ಅದನ್ನ ಇಳಿಸಾಕ ಬರಂಗಿಲ್ಲ. ಏನ್ ಮಾಡ್ಬೇಕು ಹೇಳ್ರಿ.

---

ಕೋನಮಾಪಕ

ಮೂರು ದಾರಿ ಇವೆ ಗೋಲಗುಂಬಜ ಅವರೇ.

ದೂರ ಕಡಿಮೆ ಮಾಡಿ. ಒಂದು ಒಂದೂಕಾಲು ಮೀಟರ್‌ನಲ್ಲಿ ನಿಲ್ಲಿಸಿದರೆ ಮಗು ಮೇಲಕ್ಕೆ ಎತ್ತಲೇಬೇಕು, ಚಪ್ಪಟೆ ಎಸೆದರೆ ಬಾಲ್ ರಿಂಗ್‌ನ ಕೆಳಗೇ ಹೋಗುತ್ತೆ. ಹೊಸ ಅಂಕಣಗಳಲ್ಲಿ ರಿಂಗ್ ಕೆಳಗೆ 1.25 ಮೀಟರ್‌ನ ಅರ್ಧವೃತ್ತ ಬರೆದಿರ್ತಾರಲ್ಲ, ಚಾರ್ಜಿಂಗ್ (ಡಿಫೆಂಡರ್‌ಗೆ ಗುದ್ದೋ ಫೌಲ್) ಲೆಕ್ಕಕ್ಕೆ. ಅದರ ಅಂಚನ್ನೇ ಗುರುತಾಗಿ ಇಟ್ಟುಕೊಳ್ಳಿ.

5ನೇ ಸೈಜ್ ಬಾಲ್ ಕೊಡಿ. ಇದರಲ್ಲಿ ರಾಜಿ ಬೇಡ.

ರಿಂಗ್ ಬಿಟ್ಟು ಗೋಡೆ ಬಳಸಿ. ಶಾಲೆಯ ಗೋಡೆ ಮೇಲೆ 2.60 ಮೀಟರ್ ಎತ್ತರಕ್ಕೆ ಸೀಮೆಸುಣ್ಣದಲ್ಲಿ ಒಂದು ಗೆರೆ, ಅದರ ಮೇಲೆ 59 ಸೆಂ.ಮೀ. ಅಗಲ, 45 ಎತ್ತರದ ಚೌಕ. ಬೋರ್ಡ್ ಮೇಲೆ ಇರೋ ಅಳತೆಯೇ ಇದು. ಚೌಕದ ಮೇಲಿನ ಮೂಲೆಗೆ ಬಾಲ್ ಇಳೀತಾ ತಾಗಬೇಕು, ಏರ್ತಾ ತಾಗಬಾರದು. ಏರ್ತಾ ತಾಗಿದರೆ ಅದು ಮಗುವಿನ ತಲೆ ದಾಟಿ ವಾಪಸ್ ಬರುತ್ತೆ, ಇಳೀತಾ ತಾಗಿದರೆ ಹತ್ತಿರದಲ್ಲೇ ಬೀಳುತ್ತೆ. ಮಕ್ಕಳಿಗೇ ಗೊತ್ತಾಗುತ್ತೆ, ಹೇಳಬೇಕಿಲ್ಲ.

---

ಎಡಬ್ಲಾಕ್

ಗೋಡೆಗೆ ಇನ್ನೊಂದು ಉಪಯೋಗ ಇದೆ. ಬೌಲಿಂಗ್ ಚಟ ಬಿಡಿಸೋಕೆ ಮಗುವನ್ನು ಗೋಡೆಗೆ ಬೆನ್ನು ತಾಗಿಸಿ ನಿಲ್ಲಿಸಿ. ಹಿಮ್ಮಡಿ ಗೋಡೆಯಿಂದ ನಾಲ್ಕು ಬೆರಳು ದೂರ. ಬಾಲ್ ಬಲಕಿವಿ ಪಕ್ಕದಿಂದ ಗೋಡೆ ಸವರಿಕೊಂಡೇ ಮೇಲೆ ಹೋಗಬೇಕು, ಎಡಕ್ಕೆ ಎರಡು ಮೀಟರ್ ದೂರದಲ್ಲಿ ನಿಂತವರ ಕೈಗೆ ಬೀಳಬೇಕು. ಮೈ ತಿರುಚಿದರೆ ಬಲಭುಜ ಗೋಡೆ ಬಿಟ್ಟು ಮುಂದೆ ಬರುತ್ತೆ, ತಕ್ಷಣ ಕಾಣುತ್ತೆ. ದಿನಕ್ಕೆ ಇಪ್ಪತ್ತು ಸಾಕು. ಜಾಸ್ತಿ ಮಾಡಿಸಿದರೆ ಭುಜ ನೋಯುತ್ತೆ, ನೋವಿದ್ದಾಗ ಮಗು ಮತ್ತೆ ಬೀಸೋಕೆ ಶುರು ಮಾಡುತ್ತೆ.

---

ಜಂಪ್‌ಬಾಲ್

ಇಷ್ಟೆಲ್ಲ ಕಲಿಸಿ ಏನು ಪ್ರಯೋಜನ? ಈಗಿನ ಆಟದಲ್ಲಿ ದೂರದಿಂದ ಹಾಕೋ ಮೂರು ಪಾಯಿಂಟ್ ಶಾಟೇ ಮುಖ್ಯ. ಕರೀಮ್ ಇಡೀ ಕರಿಯರ್‌ನಲ್ಲಿ ಹಾಕಿದ್ದು ಒಂದೇ ಒಂದು ತ್ರೀ. ಆ ಕಾಲ ಬೇರೆ.

---

ಮಿಕನ್99

ಒಂದೇ ತ್ರೀ ಅನ್ನೋದು ನಿಜ, 18ರಲ್ಲಿ ಒಂದು. ಆದರೆ ಎನ್‌ಬಿಎಗೆ ಮೂರು ಪಾಯಿಂಟ್ ಗೆರೆ ಬಂದಿದ್ದೇ 1979ರಲ್ಲಿ, ಆಗಲೇ ಕರೀಮ್ ಹತ್ತು ಸೀಸನ್ ಆಡಿ ಮುಗಿಸಿದ್ದರು. ಕರಿಯರ್ ಪೂರ್ತಿ ಫೀಲ್ಡ್ ಗೋಲ್ (ಫ್ರೀಥ್ರೋ ಬಿಟ್ಟು ಉಳಿದ ಶಾಟ್) ಶೇಕಡಾ 55.9, ಇಪ್ಪತ್ತು ಸೀಸನ್, ಆರು ಚಾಂಪಿಯನ್‌ಶಿಪ್, ಆರು ಎಂವಿಪಿ (ಸೀಸನ್‌ನ ಅತ್ಯುತ್ತಮ ಆಟಗಾರ ಪ್ರಶಸ್ತಿ). ಈ ಅಂಕಿಗಳನ್ನ ಮಕ್ಕಳಿಗೆ ಹೇಳಿ, ಹೀರೋ ಅಂದ ಮೇಲೆ ಇವೂ ಬೇಕು.

ಆದರೆ ಪ್ರಶ್ನೆ ಪ್ರಯೋಜನದ್ದು ಅಂದ್ರಲ್ಲ, ಅದಕ್ಕೆ ಉತ್ತರ ಮಿಕನ್ ಡ್ರಿಲ್. ಕರೀಮ್ ಈ ಡ್ರಿಲ್ ಮಾಡುವಾಗ ಇನ್ನೂ ನ್ಯೂಯಾರ್ಕಿನ ಲ್ಯೂ ಆಲ್ಸಿಂಡರ್ (ಅವರ ಹಳೇ ಹೆಸರು), ಶಾಲಾ ಹುಡುಗ. ಅವರ ಹುಕ್‌ಗೆ ಬುನಾದಿ ಬಿದ್ದಿದ್ದು ಆಗಲೇ, ಇದೇ ಡ್ರಿಲ್‌ನಿಂದ. ಜಾರ್ಜ್ ಮಿಕನ್ 6 ಅಡಿ 10 ಇಂಚಿನ, ದಪ್ಪ ಕನ್ನಡಕದ ಸೆಂಟರ್ (ರಿಂಗ್ ಹತ್ತಿರ ಆಡೋ ಎತ್ತರದ ಆಟಗಾರ). 1940ರ ದಶಕದಲ್ಲಿ ಡಿಪಾಲ್ ವಿಶ್ವವಿದ್ಯಾಲಯದಲ್ಲಿ ಕೋಚ್ ರೇ ಮೆಯರ್ ಅವರನ್ನು ತಯಾರು ಮಾಡಿದ್ದು. ಮಿಕನ್ ಅಬ್ಬರಕ್ಕೆ ಎನ್‌ಬಿಎ 1951ರಲ್ಲಿ ಪೇಂಟ್ ಅಗಲವನ್ನೇ 6 ಅಡಿಯಿಂದ 12 ಅಡಿಗೆ ಏರಿಸಿತು. ಹುಕ್ ಹಾಕೋರೆಲ್ಲ ಮಿಕನ್ ಮೊಮ್ಮಕ್ಕಳು ಅಂತಲೇ ತಿಳೀರಿ.

ಡ್ರಿಲ್ ಹೀಗೆ. ರಿಂಗ್ ಕೆಳಗೆ, ಸ್ವಲ್ಪ ಮುಂದೆ, ಬೋರ್ಡ್‌ಗೆ ಮುಖ ಮಾಡಿ ನಿಲ್ಲೋದು. ಎಡಗಾಲಿಟ್ಟು ಜಿಗಿದು ಬಲಗೈಯಲ್ಲಿ ಚೌಕದ ಬಲ ಮೇಲ್ಮೂಲೆಗೆ ಬಾಲ್ ಇಡೋದು. ಎಸೆಯೋದಲ್ಲ, ಇಡೋದು. ಬಾಲ್ ಬಲೆಯಿಂದ ಕೆಳಗೆ ಬಂದ ಕೂಡಲೇ ಎರಡೂ ಕೈಯಲ್ಲಿ ಹಿಡಿಯೋದು, ನೆಲಕ್ಕೆ ಬಿಡಬಾರದು. ಆಮೇಲೆ ಬಲಗಾಲು ಎಡಕ್ಕೆ ಇಟ್ಟು ಜಿಗಿದು ಎಡಗೈಯಲ್ಲಿ ಎಡಮೂಲೆಗೆ. ಹೀಗೇ ಆಚೀಚೆ, ಡ್ರಿಬಲ್ ಇಲ್ಲ.

ಕೆಡೋದು ಎಲ್ಲಿ ಅಂದ್ರೆ ಬಾಲ್ ಹಿಡಿದ ಮೇಲೆ ಸೊಂಟದವರೆಗೆ ಇಳಿಸಿ ಮತ್ತೆ ಎತ್ತೋದು. ಅಭ್ಯಾಸದಲ್ಲಿ ಯಾರೂ ಕಸಿಯಲ್ಲ, ಮ್ಯಾಚ್‌ನಲ್ಲಿ ಕುಳ್ಳ ಗಾರ್ಡ್ (ರಿಂಗ್‌ನಿಂದ ದೂರ ಆಡೋ ಆಟಗಾರ) ಬಂದು ಅಲ್ಲೇ ಕಿತ್ತುಕೊಳ್ತಾನೆ. ಬಾಲ್ ಗಲ್ಲಕ್ಕಿಂತ ಕೆಳಗೆ ಇಳಿದರೆ ಆ ಬುಟ್ಟಿ ಲೆಕ್ಕಕ್ಕಿಲ್ಲ ಅಂತ ನಿಯಮ ಮಾಡಿ. ಇನ್ನೊಂದು, ಎಡಗಡೆ ಬಂದಾಗಲೂ ಬಲಗೈಯೇ ಬಳಸೋದು. ಹಠ ಹಿಡಿಯೋ ಮಗುವಿಗೆ ಐದು ನಿಮಿಷ ಬರೀ ಎಡಗೈ ಕಡೆಯದನ್ನೇ ಕೊಡಿ.

ಮೂವತ್ತು ಸೆಕೆಂಡಿಗೆ ಹತ್ತು ಬುಟ್ಟಿ ಬಿದ್ದರೆ ಹನ್ನೊಂದರ ಮಗುವಿಗೆ ಒಳ್ಳೇ ಲೆಕ್ಕ. ಅಷ್ಟಾದ ಮೇಲೆ ಅದೇ ಡ್ರಿಲ್, ಆದರೆ ಬೋರ್ಡ್‌ಗೆ ಮುಖ ಕೊಡದೆ ಭುಜ ಕೊಟ್ಟು. ಬಲಗೈಗೆ ಎಡಭುಜ ಬೋರ್ಡ್ ಕಡೆ, ಎಡಗೈಗೆ ಬಲಭುಜ. ಅಲ್ಲಿಗೆ ಹುಕ್ ಬಂತು! ಮಗುವಿಗೆ ತಾನು ಹುಕ್ ಹಾಕ್ತಿದ್ದೀನಿ ಅಂತ ಗೊತ್ತಾಗೋ ಮೊದಲೇ ಬಂದಿರುತ್ತೆ. ಮುಂದೆ ಗಾರ್ಡ್ ಆದ್ರೂ ಎರಡೂ ಕೈ ಲೇಅಪ್ (ರಿಂಗ್ ಹತ್ತಿರ ಹೋಗಿ ಬಾಲ್ ಇಡೋ ಶಾಟ್) ಕಲಿತ ಹಾಗಾಯ್ತಲ್ಲ ಜಂಪ್‌ಬಾಲ್ ಅವರೇ, ಅದೇ ಪ್ರಯೋಜನ.

---

ಜಂಪ್‌ಬಾಲ್

ಲೇಅಪ್ ಮಾತು ಒಪ್ಪಿದೆ. ಆದರೂ ಕುಳ್ಳ ಮಗುವಿಗೆ ಸ್ಕೈಹುಕ್ ಅನ್ನೋದು ನನಗೆ ನಂಬಿಕೆ ಬರಲ್ಲ.

---

ಎಡಬ್ಲಾಕ್

ಪೂರ್ತಿ ಸ್ಕೈಹುಕ್ ಬೇಡ, ಲೇಕರ್ಸ್ ತಂಡದಲ್ಲಿ ಕರೀಮ್ ಜೊತೆ ಆಡಿದ ಮ್ಯಾಜಿಕ್ ಜಾನ್ಸನ್ ಮಾಡಿದ್ದು ಕೊಡಿ. 1987ರ ಎನ್‌ಬಿಎ ಫೈನಲ್ಸ್, ನಾಲ್ಕನೇ ಮ್ಯಾಚ್, ಬಾಸ್ಟನ್ ಗಾರ್ಡನ್, ಜೂನ್ 9. ಕೊನೆ ಸೆಕೆಂಡುಗಳಲ್ಲಿ ಪೇಂಟ್‌ಗೆ ಅಡ್ಡ ಓಡಿ ಬಂದು ಬಾಸ್ಟನ್ ತಂಡದ ಮಕ್‌ಹೇಲ್, ಪ್ಯಾರಿಶ್ ಕೈಗಳ ಮೇಲಿಂದ ಹುಕ್ ಹಾಕಿ 107-106 ಮಾಡಿದರು. ಅವರೇ ಅದನ್ನು ‘ಜೂನಿಯರ್ ಸ್ಕೈಹುಕ್’ ಅಂದರು. ಮ್ಯಾಜಿಕ್ 6 ಅಡಿ 9 ಇಂಚು ಅಂತ ನೀವು ಹೇಳ್ತೀರಿ. ಸರಿ, ಆದರೆ ಎದುರಿಗಿದ್ದವರು ಅವರಿಗಿಂತ ಎತ್ತರ. ಮಕ್ಕಳ ಆಟದಲ್ಲೂ ಹಾಗೇ, ತನಗಿಂತ ಅರ್ಧ ಅಡಿ ಎತ್ತರದವನ ಎದುರು ಹೇಗೆ ಹಾಕೋದು ಅನ್ನೋದೇ ಪ್ರಶ್ನೆ.

ವ್ಯತ್ಯಾಸ ಇಷ್ಟೇ: ತೋಳು ಪೂರ್ತಿ ಚಾಚೋ ಬದಲು ಮೊಣಕೈ ಸ್ವಲ್ಪ ಬಗ್ಗಿರುತ್ತೆ, ದೂರ ಕಡಿಮೆ, ಬಾಲ್ ಬೇಗ ಕೈಬಿಡುತ್ತೆ. ಡಿಫೆಂಡರ್ ಜಿಗಿಯೋಕೆ ಮುಂಚೆ ಬಾಲ್ ಹೊರಟಿರಬೇಕು. ಎತ್ತರದ ಕೊರತೆಯನ್ನು ಆ ಒಂದು ಕ್ಷಣ ತುಂಬುತ್ತೆ.

---

ಸೀಟಿ

ನಿಯಮದ ಕಡೆಯಿಂದ ನಾಲ್ಕು ಮಾತು, ಯಾಕೆಂದರೆ ಹುಕ್ ಕಲಿತ ಮಕ್ಕಳು ಮ್ಯಾಚ್‌ನಲ್ಲಿ ಶಿಳ್ಳೆ ತಿನ್ನೋದು ಇಲ್ಲೇ.

ಟ್ರಾವಲಿಂಗ್ (ಬಾಲ್ ಹಿಡಿದು ನಿಯಮ ಮೀರಿ ಹೆಜ್ಜೆ ಇಡೋ ತಪ್ಪು): ಎರಡೂ ಕಾಲಲ್ಲಿ ನಿಂತು, ಎಡಗಾಲು ಮುಂದಿಟ್ಟರೆ ಬಲಗಾಲೇ ಪಿವಟ್. ಶಾಟ್‌ಗೆ ಜಿಗಿಯುವಾಗ ಆ ಬಲಗಾಲು ಏಳಬಹುದು. ಆದರೆ ಬಾಲ್ ಕೈಬಿಡೋ ಮುಂಚೆ ಅದು ಮತ್ತೆ ನೆಲಕ್ಕೆ ತಾಗಬಾರದು. ಮಕ್ಕಳು ಹೆದರಿ ಬಲಮಂಡಿ ಎತ್ತಿ, ಡಿಫೆಂಡರ್ ನೋಡಿ, ವಾಪಸ್ ಇಳಿಸ್ತಾರೆ. ಅಲ್ಲಿಗೆ ಟ್ರಾವಲಿಂಗ್. ಡ್ರಿಬಲ್ ಶುರು ಮಾಡೋದಾದರೆ ನಿಯಮ ಬೇರೆ: ಪಿವಟ್ ಕಾಲು ಏಳೋ ಮುಂಚೆ ಬಾಲ್ ಕೈಬಿಟ್ಟಿರಬೇಕು. ಇವೆರಡನ್ನೂ ಬೆರೆಸಿ ಕಲಿಸಬೇಡಿ.

ಎಡಗೈ: ಮಡಚಿದ ಮುಂಗೈ ಅಡ್ಡ ಇದ್ದರೆ ತೊಂದರೆ ಇಲ್ಲ. ಅದು ನೆಟ್ಟಗಾಗಿ ಡಿಫೆಂಡರ್ ಎದೆಯನ್ನ ತಳ್ಳಿದರೆ, ಅಥವಾ ಅವನ ಕೈಯನ್ನ ಕೊಕ್ಕೆ ಹಾಕಿ ಹಿಡಿದರೆ ಅಟ್ಯಾಕ್ ಕಡೆಯ ಫೌಲ್. ಹೆಸರು ಹುಕ್ ಅಂತ ಕೈಗೆ ಕೊಕ್ಕೆ ಹಾಕೋದಲ್ಲ ಮಕ್ಕಳೇ.

ಮೂರು ಸೆಕೆಂಡ್: ಪೇಂಟ್ ಹೊರಗೆ ಪಾಸ್ ಹಿಡೀರಿ. ಒಳಗೆ ಮೂರು ಸೆಕೆಂಡಿಗಿಂತ ಹೆಚ್ಚು ನಿಂತು ಫೇಕ್ ಮೇಲೆ ಫೇಕ್ ಹಾಕ್ತಾ ಕೂತರೆ ಸೀಟಿ ಊದ್ತೀವಿ. ಕೆಲವು ಶಾಲೆಗಳಲ್ಲಿ ಇನ್ನೂ 2010ಕ್ಕೆ ಮುಂಚಿನ ಪೇಂಟ್ ಇದೆ, ಬೇಸ್‌ಲೈನ್ ಕಡೆ 6 ಮೀಟರ್ ಅಗಲ ಆಗೋ ಓರೆ ಗೆರೆಯದ್ದು. ಈಗಿನದು 4.9 ಮೀಟರ್ ಅಗಲದ ನೆಟ್ಟಗಿನ ಆಯತ. ಹಳೇ ಅಂಕಣದಲ್ಲಿ ಬೇಸ್‌ಲೈನ್ ಹತ್ತಿರ ಪೇಂಟ್ ಹೊರಗೆ ನಿಲ್ಲೋ ಜಾಗ ಅರ್ಧ ಮೀಟರ್‌ವರೆಗೂ ಆಚೆ ಹೋಗುತ್ತೆ, ಹುಕ್ ಅಲ್ಲಿಂದ ಮಕ್ಕಳಿಗೆ ಮುಟ್ಟಲ್ಲ. ಟೂರ್ನಿಗೆ ಹೋಗೋ ಮುಂಚೆ ಹೊಸ ಅಳತೆಯಲ್ಲಿ ಸುಣ್ಣದ ಗೆರೆ ಎಳೆದು ಅಭ್ಯಾಸ ಮಾಡಿಸಿ.

ಗೋಲ್‌ಟೆಂಡಿಂಗ್: ಬಾಲ್ ಇಳಿಯೋಕೆ ಶುರುವಾದ ಮೇಲೆ, ಪೂರ್ತಿ ರಿಂಗ್‌ಗಿಂತ ಮೇಲಿರುವಾಗ ಯಾರೂ ಮುಟ್ಟೋ ಹಾಗಿಲ್ಲ. ಎತ್ತರದ ಕಮಾನು ಮಾಡಿದ ಹುಕ್‌ಗೆ ಇದೇ ರಕ್ಷಣೆ. ಮಕ್ಕಳ ಆಟದಲ್ಲಿ ಈ ಶಿಳ್ಳೆ ಊದೋ ಪ್ರಸಂಗ ಬರೋದೇ ಅಪರೂಪ ಅನ್ನಿ.

---

ಹೊಸಬ_22

ಮಕ್ಕಳು ಕರೀಮ್ ಥರ ಜೆರ್ಸಿ 33 ಬೇಕು, ಗಾಗಲ್ಸ್ ಬೇಕು ಅಂತಾರಲ್ಲ, ಅದಕ್ಕೇನು ಮಾಡೋದು?

---

ಮಿಕನ್99

33 ಕೊಡಿ. ಆ ನಂಬರ್‌ನ ಹಿಂದೆಯೂ ಬಾಲ್ಯದ ಹುಚ್ಚೇ ಇರೋದು. ಕರೀಮ್ 33 ಆರಿಸಿಕೊಂಡಿದ್ದು ನ್ಯೂಯಾರ್ಕ್ ಜೈಂಟ್ಸ್ ಅಮೆರಿಕನ್ ಫುಟ್‌ಬಾಲ್ ತಂಡದ ಮೆಲ್ ಟ್ರಿಪ್ಲೆಟ್ ಮೇಲಿನ ಅಭಿಮಾನಕ್ಕೆ. ಬಾಸ್ಕೆಟ್‌ಬಾಲ್ ಆಟಗಾರನೂ ಅಲ್ಲ! ಕಾಲೇಜು ತಂಡ ಯುಸಿಎಲ್‌ಎ, ಆಮೇಲೆ ಎನ್‌ಬಿಎಯ ಮಿಲ್ವಾಕೀ, ಲೇಕರ್ಸ್, ಮೂರೂ ಕಡೆ ಅದೇ ನಂಬರ್. ಬೇಸ್‌ಬಾಲ್‌ನ ಜಾಕಿ ರಾಬಿನ್ಸನ್ ಅವರ ಇನ್ನೊಬ್ಬ ಹೀರೋ.

ನಮ್ಮಲ್ಲಿ ಹಿಂದೆ 33 ಸಿಗುತ್ತಲೇ ಇರಲಿಲ್ಲ. ಫಿಬಾ ನಿಯಮದಲ್ಲಿ 4ರಿಂದ 15ರವರೆಗೆ ಮಾತ್ರ ಇತ್ತು. 1, 2, 3 ಬೆರಳು ರೆಫ್ರಿಗೆ ಪಾಯಿಂಟ್ ತೋರಿಸೋಕೆ ಬೇಕಾಗಿತ್ತು. 2014ರ ನಿಯಮದಿಂದ 0, 00, ಆಮೇಲೆ 1ರಿಂದ 99ರವರೆಗೆ ಯಾವುದಾದರೂ ಸರಿ. ಆದರೂ ಟೂರ್ನಿ ಆಯೋಜಕರನ್ನ ಒಮ್ಮೆ ಕೇಳಿ, ಕೆಲವರು ಹಳೇ ಪಟ್ಟಿಯಲ್ಲೇ ಇರ್ತಾರೆ.

ಕರೀಮ್ ಗಾಗಲ್ಸ್ ಶೋಕಿಗೆ ಹಾಕಿದ್ದಲ್ಲ. 1968ರ ಜನವರಿಯಲ್ಲಿ ಕಾಲೇಜು ಮ್ಯಾಚ್‌ನಲ್ಲಿ ಕಣ್ಣಿನ ಕಾರ್ನಿಯಾ ಗೀರಿತ್ತು. ಅದೇ ತಿಂಗಳು 20ರಂದು ಹ್ಯೂಸ್ಟನ್ನಿನ ಆಸ್ಟ್ರೋಡೋಮ್‌ನಲ್ಲಿ ಯುಸಿಎಲ್‌ಎ 71-69ರಲ್ಲಿ ಸೋತು, ಅದರ 47 ಮ್ಯಾಚ್‌ಗಳ ಗೆಲುವಿನ ಸರಣಿ ನಿಂತುಹೋಯ್ತು. 1974ರಲ್ಲಿ ಮತ್ತೆ ಕಣ್ಣಿಗೆ ಬಿತ್ತು. ಸಿಟ್ಟಿಗೆ ರಿಂಗ್ ಕಂಬಕ್ಕೆ ಗುದ್ದಿ ಕೈಮೂಳೆ ಮುರಿದುಕೊಂಡರು (ಇದನ್ನು ಮಾತ್ರ ಮಕ್ಕಳು ಅನುಕರಿಸೋದು ಬೇಡ), ಗಾಗಲ್ಸ್ ಬಂದಿದ್ದು ಅದಾದ ಮೇಲೆ.

ಪೋಸ್ಟ್ ಆಟದಲ್ಲಿ (ರಿಂಗ್ ಹತ್ತಿರ ಬೆನ್ನು ಕೊಟ್ಟು ಆಡೋದು) ಬೆರಳು, ಮೊಣಕೈ ಎಲ್ಲ ಕಣ್ಣಿನ ಎತ್ತರದಲ್ಲೇ ಓಡಾಡುತ್ತೆ. ಮಗು ಕನ್ನಡಕ ಹಾಕೋದಾದರೆ ಮನೆಯ ಕನ್ನಡಕದಲ್ಲಿ ಆಡಿಸಬೇಡಿ. ಪಾಲಿಕಾರ್ಬೊನೇಟ್ ಗ್ಲಾಸಿನ, ಲೋಹದ ಹಿಂಜ್ ಇಲ್ಲದ, ಹಿಂದೆ ಪಟ್ಟಿ ಇರೋ ಕ್ರೀಡಾ ಗಾಗಲ್ಸ್‌ಗೇ ನಂಬರ್ ಹಾಕಿಸಿ. ಪಟ್ಟಿ ಕಿವಿಯ ಮೇಲೆ ಬರಬೇಕು, ಕೆಳಗೆ ಬಂದರೆ ಜಿಗಿದಾಗ ಗಾಗಲ್ಸ್ ಮೂಗಿನ ಮೇಲೆ ಕುಣಿಯುತ್ತೆ. ಬೆವರಿಗೆ ಮಂಜು ಕಟ್ಟೋದು ಗಾಳಿಯಾಡೋ ತೂತು ಇಲ್ಲದಾಗ. ಅಗ್ಗದ ಈಜು ಕನ್ನಡಕ ಹಾಕಿ ಕಳಿಸಿದರೆ ಐದು ನಿಮಿಷಕ್ಕೆ ಏನೂ ಕಾಣಲ್ಲ.

---

ನಿಧಾನಗತಿ

ಕ್ಲಿಪ್ ನೋಡಿಸೋ ರೀತಿ ಬಗ್ಗೆ ಯಾರೂ ಬರೆದಿಲ್ಲ. ಹೀರೋ ನೋಡಿ ಕಲಿಯೋದು ಕೆಟ್ಟದ್ದಲ್ಲ. ಕೋಬಿ ಬ್ರಯಂಟ್ ಬಾಲ್ಯ 1984ರಿಂದ 91ರವರೆಗೆ ಇಟಲಿಯಲ್ಲಿ ಕಳೆದಿದ್ದು, ತಂದೆ ಅಲ್ಲಿನ ಕ್ಲಬ್‌ಗಳಿಗೆ ಆಡ್ತಿದ್ದರು. ಅಜ್ಜ-ಅಜ್ಜಿ ಅಮೆರಿಕದಿಂದ ಮ್ಯಾಚ್‌ಗಳ ವಿಡಿಯೋ ಕ್ಯಾಸೆಟ್ ಕಳಿಸೋರು, ಹುಡುಗ ಅದನ್ನೇ ಹಾಕಿ ಹಾಕಿ ನೋಡ್ತಿದ್ದ. ಈಗ ಎಲ್ಲ ಫೋನ್‌ನಲ್ಲೇ ಇದೆ, ಆದರೆ ಹೈಲೈಟ್ ವಿಡಿಯೋದಲ್ಲಿ ಶಾಟ್ ಬಿದ್ದ ಕ್ಷಣ ಮಾತ್ರ ಇರುತ್ತೆ, ಅದರ ಹಿಂದಿನ ಎರಡು ಸೆಕೆಂಡ್ ಕತ್ತರಿಸಿರ್ತಾರೆ. ಅದಕ್ಕೇ ಮಕ್ಕಳಿಗೆ ಕಾಲು ಗೊತ್ತಿಲ್ಲ.

ಪೂರ್ತಿ ಮ್ಯಾಚ್‌ನ ತುಣುಕು ತಗೊಳ್ಳಿ, ವೇಗ 0.25ಕ್ಕೆ ಇಳಿಸಿ. ಸ್ಕ್ರೀನಿನ ಮೇಲರ್ಧಕ್ಕೆ ಒಂದು ಪುಸ್ತಕ ಅಡ್ಡ ಇಟ್ಟು ಮೊದಲ ಸಲ ಕಾಲು ಮಾತ್ರ ತೋರಿಸಿ, ಎಡಗಾಲು ಎಲ್ಲಿಟ್ಟರು, ಬೆರಳು ಎತ್ತ ಅಂತ ಮಗುವೇ ಹೇಳಲಿ. ಎರಡನೇ ಸಲ ಎಡಭುಜ. ಕೈ ನೋಡೋದು ಕೊನೆಗೆ. 1984ರ ಏಪ್ರಿಲ್ 5ರ ಶಾಟ್ ಒಳ್ಳೇ ಪಾಠ. ಕರೀಮ್ ವಿಲ್ಟ್ ಚೇಂಬರ್ಲಿನ್‌ರ 31,419 ಪಾಯಿಂಟ್‌ಗಳ ಹಳೇ ದಾಖಲೆ ದಾಟಿದ್ದು ಅದರಲ್ಲೇ, ಲಾಸ್ ವೇಗಸ್‌ನಲ್ಲಿ ಯೂಟಾ ಜಾಝ್ ಎದುರು, ಪಾಸ್ ಕೊಟ್ಟಿದ್ದು ಮ್ಯಾಜಿಕ್, ಕಾಯ್ತಿದ್ದವರು 7 ಅಡಿ 4 ಇಂಚಿನ ಮಾರ್ಕ್ ಈಟನ್. ತಮಗಿಂತ ಎತ್ತರದವರ ಮೇಲಿಂದ ಹಾಕಿದ ಹುಕ್, ಜಂಪ್‌ಬಾಲ್ ಅವರು ಗಮನಿಸಬೇಕು.

---

ಜಂಪ್‌ಬಾಲ್

ಗಮನಿಸಿದೆ ಮಹಾರಾಯ್ರೇ. ಎರಡು ಇಂಚು ಎತ್ತರದವರ ಮೇಲೆ!

---

ಎಡಬ್ಲಾಕ್

ನಿಧಾನಗತಿ ಹೇಳಿದ್ದಕ್ಕೆ ಒಂದು ಸೇರಿಕೆ. ಯುಸಿಎಲ್‌ಎ ಕಾಲದ ಕ್ಲಿಪ್ ಸಿಕ್ಕರೆ ಅದನ್ನೂ ತೋರಿಸಿ. 1967ರಲ್ಲಿ ಅಮೆರಿಕದ ಕಾಲೇಜು ಆಟದಲ್ಲಿ ಡಂಕ್ (ಜಿಗಿದು ಬಾಲನ್ನ ಮೇಲಿಂದ ರಿಂಗ್ ಒಳಗೆ ತುರುಕೋದು) ಅನ್ನೇ ನಿಷೇಧಿಸಿದರು, 1976ರವರೆಗೆ ಅದು ವಾಪಸ್ ಬರಲಿಲ್ಲ. ಆಲ್ಸಿಂಡರ್‌ನನ್ನು ಕಟ್ಟಿಹಾಕೋಕೇ ಅಂತ ಜನ ಆಡಿಕೊಂಡರು. ಡಂಕ್ ಹೋದ ಮೇಲೆ ಅವರು ಹುಕ್ ತಿದ್ದಿ ತೀಡಿದರು. ಡಂಕ್ ಮಾಡೋಕೆ ಆಗದ ಮಕ್ಕಳಿಗೆ ಈ ಸಂಗತಿ ಗೊತ್ತಿದ್ದರೆ ಒಂಥರಾ ಹುಮ್ಮಸ್ಸು ಬರುತ್ತೆ.

---

ಗೋಲಗುಂಬಜ

ಎಲ್ಲಾರಿಗೂ ಶರಣ್ರೀ. ಕಡೀದೊಂದು ಕೇಳ್ತೀನಿ. ಸಿಮೆಂಟ್ ಕೋರ್ಟ್, ರಬ್ಬರ್ ಬಾಲ್, ಬ್ಯಾಸಗ್ಯಾಗ ಬಾಲ್ ಬಾಳ ಪುಟಿತೈತಿ. ಬೋರ್ಡಿಗೆ ಮುಟ್ಟಿಸಿದ್ರ ಸಿಡದು ಹೊರಗ ಹೊಕ್ಕೈತಿ. ಹುಕ್ ಬೀಳಂಗಿಲ್ಲ.

---

ಕೋನಮಾಪಕ

ಬಿಸಿಲಿಗೆ ಬಾಲ್ ಒಳಗಿನ ಗಾಳಿ ಹಿಗ್ಗುತ್ತೆ, ಬೆಳಿಗ್ಗೆ ಸರಿಯಾಗಿ ತುಂಬಿದ್ದು ಮಧ್ಯಾಹ್ನ ಕಲ್ಲಾಗಿರುತ್ತೆ. ಆಡೋ ಹೊತ್ತಲ್ಲೇ, ಆಡೋ ಜಾಗದಲ್ಲೇ ಪರೀಕ್ಷೆ ಮಾಡಿ. ಬಾಲ್‌ನ ತಳ ನೆಲದಿಂದ 1.8 ಮೀಟರ್ ಇರೋ ಹಾಗೆ ಹಿಡಿದು ಸುಮ್ಮನೆ ಬಿಡಿ, ತಳ್ಳಬೇಡಿ. ಪುಟಿದಾಗ ಬಾಲ್‌ನ ಮೇಲ್ತುದಿ 1.2ರಿಂದ 1.4 ಮೀಟರ್ ಒಳಗೆ ಬರಬೇಕು. ಕಂಬದ ಮೇಲೆ ಆ ಮೂರು ಎತ್ತರಕ್ಕೆ ಬಣ್ಣದ ಗುರುತು ಹಾಕಿಟ್ಟರೆ ಮಕ್ಕಳೇ ನೋಡ್ಕೋತಾರೆ. ಜಾಸ್ತಿ ಪುಟಿದರೆ ಸೂಜಿಗೆ ಒಂದು ಹನಿ ನೀರು ಅಥವಾ ಎಂಜಲು ಹಚ್ಚಿ ತೂರಿಸಿ, ಒಂದೆರಡು ಸೆಕೆಂಡ್ ಗಾಳಿ ಬಿಡಿ, ಮತ್ತೆ ನೋಡಿ. ಒಣ ಸೂಜಿ ತೂರಿಸಿದರೆ ವಾಲ್ವ್ ರಬ್ಬರ್ ಹರಿಯುತ್ತೆ, ಆಮೇಲೆ ಆ ಬಾಲ್ ರಾತ್ರಿಯೆಲ್ಲ ಗಾಳಿ ಬಿಡ್ತಾನೇ ಇರುತ್ತೆ.

ಗಾಳಿ ಸರಿ ಇದ್ದೂ ಸಿಡಿದು ಹೊರಗೆ ಹೋದರೆ ಕಾರಣ ಬಾಲ್ ಅಲ್ಲ, ಮಣಿಕಟ್ಟು. ಬೆರಳಿಂದ ಹಿಂದಕ್ಕೆ ಸುತ್ತು ಕೊಟ್ಟ ಬಾಲ್ ಬೋರ್ಡ್‌ಗೆ ತಾಗಿದಾಗ ಕೆಳಕ್ಕೆ ಇಳಿಯುತ್ತೆ. ಅಂಗೈಯಿಂದ ತಳ್ಳಿದ ಬಾಲ್‌ಗೆ ಸುತ್ತೇ ಇರಲ್ಲ, ನೇರ ವಾಪಸ್. ಬಾಲ್ ಮೇಲೆ ಸೀಮೆಸುಣ್ಣದಲ್ಲಿ ಸುತ್ತಲೂ ಒಂದು ಪಟ್ಟೆ ಬಳಿದು ಎಸೆಸಿ, ಗಾಳಿಯಲ್ಲಿ ಪಟ್ಟೆ ಸುತ್ತುತ್ತಿದೆಯಾ ಇಲ್ಲವಾ ದೂರದಿಂದಲೇ ಕಾಣುತ್ತೆ.